ಕುಳಿತವನ ಬೆನ್ನ ಹಿಂದಿನ ಖಾಲಿ ಜಾಗ

೧೯೯೮ರಲ್ಲಿ ನಾನು ಮೈಸೂರಿನ ವಸ್ತುಸಂಗ್ರಹಾಲಯವೊಂದರಲ್ಲಿ ಕಾಗದ ಸಂರಕ್ಷಕಿಯಾಗಿದ್ದೆ. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವುದರ ಜೊತೆಗೆ ಅವು ಯಾರು ಬರೆದದ್ದು, ಯಾವ ಕಾಲದ್ದು ಎಂದು ವರದಿ ಕೊಡುವುದೂ ನನ್ನ ಕೆಲಸವಾಗಿತ್ತು. ಆ ವರ್ಷ ಬಂಟ್ವಾಳದ ಹಮೀದ್ ಎಂಬವರು ತಮ್ಮ ಮನೆಯ ಪರ್ಷಿಯನ್ ಚಿತ್ರವೊಂದನ್ನು ದಾನ ಕೊಡಲು ಮುಂದೆ ಬಂದರು. ಪಕ್ಕದ ಮೂಡುಬಿದಿರೆಯವಳೆಂದು ನನ್ನನ್ನೇ ಕಳುಹಿಸಿದರು.

ಹಮೀದರ ಅಜ್ಜ ಪತ್ತೇಮಾರಿ ಹಡಗಿನಲ್ಲಿ ಇರಾನಿನ ಬಂದರುಗಳಿಗೆ ಹೋಗಿಬರುತ್ತಿದ್ದಾಗ ತಂದ ಚಿತ್ರವದು. ಕಪ್ಪು ಶಾಯಿಯ ರೇಖೆಗಳಲ್ಲಿ ಮೊಣಕಾಲು ಮಡಚಿ ಕುಳಿತ, ಪೇಟ ಸುತ್ತಿದ ಯುವಕ. ಯಾರೋ ಕರೆದಂತೆ ಕತ್ತು ಹಿಂದಕ್ಕೆ ತಿರುಗಿಸಿದ್ದ. ಅವನು ನೋಡುತ್ತಿದ್ದ ಕಡೆ ಏನೂ ಇರಲಿಲ್ಲ. ಆ ಖಾಲಿ ಜಾಗದಲ್ಲೇ ಹದಿನೇಳನೆಯ ಶತಮಾನದ ಪ್ರಸಿದ್ಧ ಕಲಾವಿದನೊಬ್ಬನ ಹೆಸರಿತ್ತು.

"ಅಜ್ಜನ ಹೆಸರಿನ ಪಕ್ಕ ಈ ಹೆಸರೂ ನಿಮ್ಮ ಗೋಡೆಯಲ್ಲಿ ಬರಬೇಕು, ಮೇಡಂ" ಎಂದರು ಹಮೀದ್.

ಬಾಗಿಲಲ್ಲಿ ನಿಂತಿದ್ದ ಅವರ ಸೋದರತ್ತೆ ಐಸಮ್ಮ ಮೆಲ್ಲಗೆ ನುಡಿದರು: "ಕೊಂಡುಹೋಗುವಾಗ ಅವಳಿಗೂ ಒಂದು ಮಾತು ಹೇಳು, ಮಗಳೇ. ಆ ಹುಡುಗನ ಹಿಂದೆ ನಮಗೆ ಬೆನ್ನು ಹಾಕಿ ಕೂತಿದ್ದಾಳಲ್ಲ, ಅವಳಿಗೆ."

ಹಮೀದರ ಮುಖ ಬಾಡಿತು. "ಮಾಮಿ ಸಣ್ಣ ಪ್ರಾಯದಿಂದಲೂ ಹೀಗೆಯೇ, ಆ ಚಿತ್ರದಲ್ಲಿ ಇಲ್ಲದವಳನ್ನು ಕಾಣುತ್ತಾರೆ. ಮಂತ್ರಿಸಿದ ನೂಲು ಕಟ್ಟಿಸಿಯೂ ಆಗಿದೆ. ಇದೇ ಕಾರಣಕ್ಕೆ ಮದುವೆಯೂ ಆಗಲಿಲ್ಲ." ಐಸಮ್ಮ ಅದನ್ನು ಬೇರೆ ಯಾರದೋ ಸುದ್ದಿಯೆಂಬಂತೆ ಕೇಳಿಸಿಕೊಂಡರು.

ಮೈಸೂರಿನಲ್ಲಿ ಚಿತ್ರವನ್ನು ಇನ್‌ಫ್ರಾರೆಡ್ ಫಿಲ್ಮಿನಲ್ಲಿ ತೆಗೆದೆ. ದೀಪದ ಮಸಿಯಿಂದ ಮಾಡಿದ ಶಾಯಿಯ ಮೇಲೆ ಬಣ್ಣ ಬಳಿದಿದ್ದರೂ ಆ ಫಿಲ್ಮಿಗೆ ಅಡಿಯ ಗೆರೆ ಕಾಣುವುದುಂಟು. ಡಾರ್ಕ್‌ರೂಮಿನ ಕೆಂಪು ದೀಪದಡಿ ಪ್ರಿಂಟ್ ಹಾಕುವಾಗ, ಟ್ರೇಯ ದ್ರಾವಣದಲ್ಲಿದ್ದ ಕಾಗದದ ಮೇಲೆ ಮೊದಲು ಯುವಕ ಮೂಡಿದ. ಆಮೇಲೆ ಅವನ ಹಿಂದೆ ಒಂದು ಮುಸುಕು, ಒಂದು ಭುಜ. ಕೊನೆಗೆ ಹೆಣ್ಣಿನ ಮುಖ. ಅವಳು ಯುವಕನನ್ನು ನೋಡುತ್ತಿರಲಿಲ್ಲ, ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ನಾನು ಟ್ರೇಯಿಂದ ಕೈ ತೆಗೆದು ಹಿಂದೆ ಸರಿದೆ.

ಯಾರೋ ಅವಳನ್ನು ಕಾಗದದ್ದೇ ಬಣ್ಣ ಬಳಿದು ಮುಚ್ಚಿದ್ದರು. ಕಲಾವಿದನ ಹೆಸರು ಇದ್ದದ್ದು ಆ ಬಣ್ಣದ ಮೇಲೆ, ಎಂದರೆ ಮುಚ್ಚಿದ ನಂತರ ಬರೆದದ್ದು. ಆ ಹೆಸರನ್ನು ನಂಬುವಂತಿರಲಿಲ್ಲ.

ಫೋಟೋ ಹಿಡಿದು ಮತ್ತೆ ಬಂಟ್ವಾಳಕ್ಕೆ ಹೋದೆ. ಹೆಸರು ಆಮೇಲೆ ಸೇರಿಸಿದ್ದೆಂದಾಗ ಹಮೀದ್ ಫೋಟೋವನ್ನು ಮೇಜಿನ ಮೇಲಿಟ್ಟರು. ಹೆಸರು ಹೋದದ್ದಕ್ಕೆ ಬೇಸರವೆಂದುಕೊಂಡೆ. ಅವರು ಎದ್ದು ಒಳಗೆ ಹೋಗಿ ಅತ್ತೆಯನ್ನು ಕೈಹಿಡಿದು ಕರೆತಂದರು. "ಮಾಮಿ, ನೀವು ಹೇಳಿದ್ದು ಸರಿ ಉಂಟು. ನಾವೇ ನಂಬಲಿಲ್ಲ."

ಐಸಮ್ಮ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರಿಗೆ ಸಮಾಧಾನವಾದೀತೆಂದು ನಾನು ಕಾದೆ. ಅವರು ಅದನ್ನು ನನ್ನ ಕೈಗೇ ಮರಳಿ ತುರುಕಿದರು.

"ಇವಳೇ. ಆದರೆ ಇಷ್ಟು ವರ್ಷದಲ್ಲಿ ಒಮ್ಮೆಯೂ ನನಗೆ ಮುಖ ತೋರಿಸಿದವಳಲ್ಲ. ನೀನು ಏನು ಮಾಡಿದ್ದು, ಮಗಳೇ? ಈಗ ಯಾಕೆ ತಿರುಗಿದ್ದಾಳೆ?"

ಮೈಸೂರಿಗೆ ಮರಳಿದೆ. 'ಕಲಾವಿದ ಅಜ್ಞಾತ, ಆಕೃತಿಗಳು ಎರಡು' ಎಂದು ವರದಿ ಬರೆದೆ. ಹಮೀದ್ ಹಾಗೆಯೇ ದಾನ ಕೊಟ್ಟರು. ಅಲ್ಲಿಂದ ಮುಂದೆ, ನಿವೃತ್ತಿಯವರೆಗೂ, ಯಾವ ಚಿತ್ರ ಬಂದರೂ ಲೆನ್ಸ್ ಹಿಡಿಯುವ ಮೊದಲು ಅದರ ಜೊತೆ ಬಾಳಿದವರನ್ನು ಮಾತಾಡಿಸುತ್ತಿದ್ದೆ. ಅವರು ಹೇಳಿದ್ದನ್ನೆಲ್ಲ ವರದಿಯಲ್ಲಿ ಬರೆಯಲಾಗುತ್ತಿರಲಿಲ್ಲ. ಆದರೆ ಸುಳ್ಳೆಂದು ತಳ್ಳಿಹಾಕುವ ಧೈರ್ಯ ನನಗೆ ಮತ್ತೆಂದೂ ಬರಲಿಲ್ಲ.