ಟೇಪಲ್ಲ, ರೂಪೇಶನ ಗಿಟಾರು

ಮುಂಜಾನೆ ಐದೂವರೆ. ಶಿರಗುಪ್ಪಿಯ ತಗಡಿನ ಕೋಣೆಯೊಂದರಲ್ಲಿ ರೂಪೇಶ ಗಿಟಾರು ಹಿಡಿದು ಬರಿಗಾಲಲ್ಲಿ ಕುಳಿತಿದ್ದಾನೆ. ಆರಕ್ಕೆ ಕರೆಂಟು ಕೈಕೊಡುತ್ತದೆ, ಅಷ್ಟರೊಳಗೆ ರಿಯಾಜು ಮುಗಿಯಬೇಕು. ಗಿಟಾರಿನ ಮೈಗೆ ಎರಡು ಏಟು ಕೊಟ್ಟು, ಕಾಲ ಹೆಬ್ಬೆರಳಿನಿಂದ ನೆಲದ ಮೇಲಿನ ಡಬ್ಬಿ ಒತ್ತುತ್ತಾನೆ. ಆ ಏಟು ತಾನಾಗಿಯೇ ಮತ್ತೆ ಮತ್ತೆ ಸುತ್ತಿ ಬರುತ್ತದೆ. ಅದರ ಮೇಲೊಂದು ತಂತಿಯ ಎಳೆ, ಅದರ ಮೇಲೆ ಮತ್ತೊಂದು. ಪಕ್ಕದ ಸಣ್ಣ ಡಬ್ಬಿಯ ಗುಂಡಿ ತಿರುವಿದರೆ ಸ್ವರ ಬಾವಿಯೊಳಗೆ ಕೂಗಿದಂತೆ ಮಾರ್ದನಿಸುತ್ತದೆ. ಹತ್ತು ನಿಮಿಷದಲ್ಲಿ ಒಬ್ಬ ಆಸಾಮಿ ಐದು ಜನರ ಮೇಳವಾಗಿಬಿಡುತ್ತಾನೆ.

ಮೂವತ್ತೆರಡರ ರೂಪೇಶ ಹಗಲು ಕಾಲೇಜೊಂದರಲ್ಲಿ ಜವಾನ. ಬಾರಿಸಿದ್ದನ್ನು ಹಿಡಿದು ಮತ್ತೆ ಮತ್ತೆ ನುಡಿಸುವ, ಲೂಪರ್ ಎಂಬ ಈ ಡಬ್ಬಿಯನ್ನು 2010ರಲ್ಲಿ ಮಿರಜದಿಂದ ಹಳೆಯದೇ ತಂದ. ಸೂಟಿ ಬಂತೆಂದರೆ ಚಿಕ್ಕೋಡಿ, ರಾಯಬಾಗದ ಸುತ್ತ ಮದುವೆ, ತೊಟ್ಟಿಲ ಕಾರ್ಯಗಳಿಗೆ ಓಡುತ್ತಾನೆ. "ಏನೂ ಬರಕೊಂಡು ಹೋಗಂಗಿಲ್ರಿ. ಮಂದಿ ಮಾರಿ ನೋಡಿ ಅಲ್ಲೇ ಹುಟ್ಟಸ್ತೀನಿ" ಎನ್ನುತ್ತಾನೆ.

ಎಡವಟ್ಟಾದದ್ದು ನಿಪ್ಪಾಣಿಯ ಮದುವೆಯೊಂದರಲ್ಲಿ. ಬೆವರು ಒರೆಸಿಕೊಳ್ಳಲು ತಂತಿಯಿಂದ ಕೈ ತೆಗೆದ, ಸಂಗೀತ ಮಾತ್ರ ನಡೆದೇ ಇತ್ತು. "ಟೇಪ್ ಹಚ್ಚಿ ಕೈ ಆಡ್ಸಾಕತ್ತಾನ" ಎಂದು ಯಾರೋ ಕೂಗಿದರು, ಇನ್ಯಾರೋ ವೈರು ಕಿತ್ತರು. ವರ್ಷಕ್ಕೆ ನಲವತ್ತಿದ್ದ ಕಾರ್ಯಕ್ರಮ ಆರಕ್ಕೆ ಇಳಿಯಿತು. "ಅವರದೇನ್ ತಪ್ಪರಿ? ಕೈ ಬಿಟ್ರೂ ಬಾರಿಸೂ ಗಿಟಾರ ಯಾರ್ ಕಂಡಾರ?" ಎಂದು ಅವನೇ ನಗುತ್ತಾನೆ. ಆಗ ಮಾತ್ರ ನಗು ಬಂದಿರಲಿಲ್ಲ, ಪಾಪ.

2013ರ ಏಪ್ರಿಲ್‌ನಲ್ಲಿ ಅಲಖನೂರದಿಂದ ತೊಟ್ಟಿಲ ಕಾರ್ಯಕ್ಕೆ ಕರೆ ಬರುತ್ತದೆ. ಇಲ್ಲಿಯೂ ಜನ ಟೇಪು ಎಂದು ಕೂಗಿದರೆ ಗಿಟಾರು, ಡಬ್ಬಿ ಎಲ್ಲವನ್ನೂ ಮಾರಿಬಿಡುವುದು ಎಂದು ತೀರ್ಮಾನಿಸಿ, ಕೊಳ್ಳಲು ಸಂಜೆಗೆ ಬಾ ಎಂದು ಅಥಣಿಯ ಗಿರಾಕಿಗೆ ಹೇಳಿಯೇ ಹೊರಡುತ್ತಾನೆ.

ಮಗುವಿನ ಅಜ್ಜ ಬಾಪುಸಾಹೇಬ ಅನುಮಾನದಿಂದ ಕೈಕಟ್ಟಿ ಎದುರಿಗೇ ನಿಲ್ಲುತ್ತಾರೆ. ರೂಪೇಶ ಡಬ್ಬಿಗೆ ಜೋಡಿಸಿದ ಮೈಕು ಹತ್ತಿರ ಎಳೆದುಕೊಂಡು ಗಿಟಾರಿನ ಮೈ ತಟ್ಟಿ ಡಬ್ಬಿ ಒತ್ತುವ ಹೊತ್ತಿಗೇ ಮೈಕಿನ ಪಕ್ಕದಲ್ಲಿದ್ದ ಬಾಪುಸಾಹೇಬರ ತಾಯಿ ದುಂಡವ್ವ ಕೆಮ್ಮುತ್ತಾಳೆ. ಮುಗಿಯಿತು. ತಟ್ಟು, ತಟ್ಟು, ಕೆಮ್ಮು. ತಟ್ಟು, ತಟ್ಟು, ಕೆಮ್ಮು. ರೂಪೇಶನ ಕಾಲು ಅಳಿಸುವ ಗುಂಡಿಗೆ ಹೋಗುತ್ತದೆ.

"ತಡಿಯೋ ತಮ್ಮಾ, ತೆಗೀಬ್ಯಾಡ. ಅದು ನಂದ ಕೆಮ್ಮು" ಎನ್ನುತ್ತಾಳೆ ದುಂಡವ್ವ.

ಬಾಪುಸಾಹೇಬರ ಕಟ್ಟಿದ ಕೈ ಬಿಚ್ಚುತ್ತದೆ. "ನಮ್ಮವ್ವ ಈಗ ಕೆಮ್ಮಿದ್ದು ಟೇಪಿನಾಗ ಹೆಂಗ್ ಬರ್ತೈತಿ? ಬಾರ್ಸಪಾ, ಬಾರ್ಸು" ಎಂದು ಹೊಟ್ಟೆ ಹಿಡಿದು ನಗುತ್ತಾರೆ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿ, ಆಮೇಲೆ ಮೈಕಿನಲ್ಲಿ "ನೀಲಮ" ಎನ್ನುತ್ತಾಳೆ. ರೂಪೇಶ ಅದನ್ನೂ ಹಿಡಿದು ಸ್ವರಗಳ ನಡುವೆ ತೂಗುತ್ತಾನೆ. ಹೊರಡುವಾಗ ಬಾಪುಸಾಹೇಬರು ಕಾಗವಾಡದ ಮದುವೆಯೊಂದಕ್ಕೆ ದಿನ ಗೊತ್ತುಮಾಡಿಯೇ ಕಳಿಸುತ್ತಾರೆ. "ಎದಿ ಮ್ಯಾಲಿನ ಕಲ್ಲು ಇಳಿಸಿದಂಗಾತ್ರಿ" ಎಂದು ರೂಪೇಶ ಈಗಲೂ ಉಸಿರು ಬಿಡುತ್ತಾನೆ.

ಮನೆ ಮುಟ್ಟಿದವನೇ ಹೆಂಡತಿ ಸರಿತಾಳಿಗೆ, "ಆ ಅಥಣಿಯಂವಗ ಬ್ಯಾಡಂತ ಫೋನ್ ಮಾಡ್ಬೇಕು" ಎಂದನಂತೆ.

"ಮುಂಜಾನೇನ ಮಾಡೀನ್ರಿ" ಎಂದಳಂತೆ ಆಕೆ, ರೊಟ್ಟಿ ಬಡಿಯುತ್ತಲೇ. "ಮೂರು ವರ್ಷ ಆತು, ದಿನಾ ನಿಮ್ಮ ರಿಯಾಜು ಕೇಳಾಕಿ ನಾನು. ಒಂದಿನಾರ ನಿನ್ನಿ ಬಾರ್ಸಿದ್ದನ್ನ ಇವತ್ತ ಬಾರ್ಸೀರೇನು, ಟೇಪ್ ಅನ್ನಾಕ?"