ಬಾಯಮ್ಮನ ಸಿನಿಮಾ ನೋಡಿದ ಶನಿವಾರ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿರುವ ನಮ್ಮ ಕಟ್ಟಡದಲ್ಲಿ ನನಗೊಂದು ಹೆಸರಿತ್ತು. ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಸಿನಿಮಾಗಳ ಪಟ್ಟಿ ಹೊರಬಿದ್ದ ವಾರದಲ್ಲೇ ನಾನು ಹುಡುಕಲು ಕೂರುತ್ತಿದ್ದೆ. ಯಾವುದು ಯಾವ ಆ್ಯಪಿನಲ್ಲಿದೆ, ಯಾವುದನ್ನು ಬಾಡಿಗೆಗೆ ಪಡೆಯಬೇಕು, ಯಾವುದು ಈ ದೇಶಕ್ಕೆ ಇನ್ನೂ ಬಂದಿಲ್ಲ, ಎಲ್ಲವನ್ನೂ ಫೋನಿನಲ್ಲಿ ಬರೆದಿಡುತ್ತಿದ್ದೆ. ಆಸ್ಪತ್ರೆಯೊಂದರಲ್ಲಿ ರೋಗಿಗಳ ಕಡತ ನೋಡಿಕೊಳ್ಳುವ ನನಗೆ ಹುಡುಕುವುದು ಅಭ್ಯಾಸವಾಗಿತ್ತು. ಕದ್ದ ಲಿಂಕು ನಮ್ಮ ಮನೆಯ ಟಿ.ವಿ.ಗೆ ಬರಕೂಡದೆಂಬುದು ನನ್ನ ನಿಯಮ. ಸಿಕ್ಕಿಬಿದ್ದರೆ ಇಲ್ಲಿ ಗತಿ ಏನೆಂದು ಎಲ್ಲರಿಗೂ ಗೊತ್ತಿತ್ತು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಏಳೆಂಟು ಮಂದಿ ನಮ್ಮಲ್ಲಿಗೆ ಬರುತ್ತಿದ್ದರು. ಯಾವ ಸಿನಿಮಾ ಯಾಕೆ ಒಳ್ಳೆಯದೆಂದು ನಾನು ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಆ ಕೇಳುವಿಕೆ ನನಗೆ ಬಹಳ ಹಿಡಿಸಿತ್ತು.

ಎದುರು ಫ್ಲ್ಯಾಟಿನಲ್ಲಿ ಇಬ್ಬರು ನರ್ಸುಗಳ ಜೊತೆ ಒಬ್ಬಾಕೆ ಇದ್ದರು. ಐವತ್ತು ದಾಟಿದವರು, ಮಂಗಳೂರಿನ ಕೊಂಕಣಿ ಕ್ರೈಸ್ತರು, ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಕ್ರೈಸ್ತ ಹೆಂಗಸರನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಅವರೂ ಶನಿವಾರ ಬರುತ್ತಿದ್ದರು. ಅರ್ಧ ಸಿನಿಮಾಕ್ಕೆ ನಿದ್ದೆ ಹೋಗುತ್ತಿದ್ದರು, ಎಚ್ಚರವಾದಾಗ "ಅವಳು ಸತ್ತದ್ದಾ?" ಎಂದು ಗಟ್ಟಿಯಾಗಿ ಕೇಳುತ್ತಿದ್ದರು. ನಾನು ಅವರಿಗೆ ಮೂಲೆಯ ಪ್ಲಾಸ್ಟಿಕ್ ಕುರ್ಚಿ ಕೊಡುತ್ತಿದ್ದೆ.

ಕಾಲೇಜು ಓದುವ ಮಗಳನ್ನು ನೋಡಲು ಒಮ್ಮೆ ಅವರು ರಜೆಯಲ್ಲಿ ಊರಿಗೆ ಹೋಗಿದ್ದಾಗ ತಂಗಿಯ ಮನೆಯ ಬೀದಿಯಲ್ಲಿ ಒಂದು ಸಣ್ಣ ಕನ್ನಡ ಸಿನಿಮಾದ ಶೂಟಿಂಗ್ ನಡೆಯಿತು. ಜಗಲಿಯಲ್ಲಿ ಕೂತಿದ್ದ ಬಾಯಮ್ಮನನ್ನು ನೋಡಿ ನಿರ್ದೇಶಕ ಒಂದು ಪಾತ್ರ ಕೊಟ್ಟನಂತೆ. ಬಾಗಿಲು ತೆರೆದು, ಮಗಳನ್ನು ಹುಡುಕಿಕೊಂಡು ಬಂದ ತಂದೆಗೆ ಒಂದು ಮಾತು ಹೇಳಬೇಕು: "ಅವಳು ಬೆಳಿಗ್ಗೆಯೇ ಹೋದಳಲ್ಲ, ನೀವು ಈಗ ಬಂದಿರಾ?" ಎರಡು ದಿನದ ಕೆಲಸ. ತಿರುಗಿ ಬಂದವರು ಆ ಮಾತನ್ನು ಲಿಫ್ಟಿನಲ್ಲಿ, ಅಂಗಡಿಯಲ್ಲಿ, ನಮ್ಮ ಅಡುಗೆಮನೆಯಲ್ಲಿ, ಒಮ್ಮೆ ಕೋಪದಿಂದ, ಒಮ್ಮೆ ಅಳುತ್ತಾ ಹೇಳಿ ತೋರಿಸಿದರು. ನಾವು ನಗುತ್ತಿದ್ದೆವು.

ಆಮೇಲೆ ಆ ಸಿನಿಮಾ ಹೊರದೇಶದ ಒಂದು ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ನಗು ನಿಂತಿತು. ಶನಿವಾರ ನಾನು ಬಾಯಿ ತೆರೆದರೆ ಯಾರಾದರೂ ಅಡ್ಡ ಬಂದು, "ಬಾಯಮ್ಮಾ, ಕ್ಯಾಮೆರಾ ಎಷ್ಟು ಹತ್ತಿರ ಇಟ್ಟಿದ್ರು?" ಎಂದು ಕೇಳುತ್ತಿದ್ದರು. ಅವರಿಗೆ ಸೋಫಾದ ನಡುವೆ ಜಾಗವಾಯಿತು. ನನ್ನ ಮನೆಯ ಸೋಫಾ.

ಸಂಜೆ ಡ್ಯೂಟಿ ಮುಗಿಸಿ ಬಂದವರೇ ಬಾಯಮ್ಮ ನನ್ನ ಬಾಗಿಲು ತಟ್ಟುತ್ತಿದ್ದರು. "ಸಿಕ್ಕಿತಾ ಮಾರಾಯ್ತಿ?"

"ಇಲ್ಲ ಬಾಯಮ್ಮಾ. ಊರಿನಲ್ಲಿ ಉಂಟು, ಇಲ್ಲಿಗೆ ಬಿಟ್ಟಿಲ್ಲ."

ಯಾರೋ ಕದ್ದ ಪ್ರತಿಯ ಲಿಂಕ್ ಕಳಿಸಿದರು. ಬಾಯಮ್ಮ ಅದನ್ನು ತೆರೆಯಲಿಲ್ಲ. "ಬೇಡ, ಮುಖ ಎಲ್ಲ ಮಬ್ಬು ಕಾಣ್ತದೆ. ನೀನು ಸರಿಯಾದ್ದು ಹುಡುಕಿ ಕೊಡ್ತೀಯಲ್ಲ." ನಾನು ನಿರ್ಮಾಪಕರಿಗೆ ಮೇಲ್ ಬರೆದೆ. ಗಲ್ಫಿನ ಹಕ್ಕು ಬೇರೆಯವರ ಕೈಗೆ ಹೋಗಿದೆ, ಮುಂದಿನ ತಿಂಗಳು ಬಾಡಿಗೆಗೆ ಬರುತ್ತದೆ ಎಂದು ಉತ್ತರ ಬಂತು. ಹೇಳಿದಂತೆ ಒಂದು ಶುಕ್ರವಾರ ಬಂದೇಬಿಟ್ಟಿತು. ಒಮ್ಮೆ ಶುರು ಮಾಡಿದರೆ ನಲವತ್ತೆಂಟು ಗಂಟೆಯೊಳಗೆ ನೋಡಿ ಮುಗಿಸಬೇಕು.

ಶುಕ್ರವಾರ ನನಗೆ ಅರ್ಧ ದಿನ ಕೆಲಸ. ಮನೆಗೆ ಬಂದು ಒಬ್ಬಳೇ ಕೂತು ನೋಡಿದೆ. ಬಾಗಿಲಿನ ದೃಶ್ಯ ಬಂತು. ಬಾಗಿಲು ಅರ್ಧ ತೆರೆಯಿತು. ಚಿಲಕದ ಮೇಲೆ ಒಂದು ಕೈ, ಬಳೆ, ಹಸಿರು ಸೀರೆಯ ಒಂದು ತುಂಡು. ಮಾತು ಕೇಳಿಸಿತು, ಆದರೆ ಧ್ವನಿ ಬಾಯಮ್ಮನದಲ್ಲ, ಯಾರೋ ಚಿಕ್ಕ ವಯಸ್ಸಿನವಳದು. ಕ್ಯಾಮೆರಾ ಇದ್ದದ್ದು ತಂದೆಯ ಮುಖದ ಮೇಲೆ. ಮೂರು ಸಲ ಹಿಂದಕ್ಕೆ ಹೋಗಿ ನೋಡಿದೆ. ಕಥೆ ಮುಗಿಯುವ ತನಕ ನೋಡಿ, ಹೆಸರುಗಳು ಬರುವಾಗ ನಿಲ್ಲಿಸಿದೆ. ಬೇರೆಲ್ಲೂ ಅವರಿರಲಿಲ್ಲ.

ಎದುರಿನ ಬಾಗಿಲಿಗೆ ಹತ್ತು ಹೆಜ್ಜೆ. ಹೋಗಿ ಹೇಳಬಹುದಿತ್ತು. ನಾನು ಫೋನ್ ತೆಗೆದುಕೊಂಡು, ಎಂದೂ ಬಾರದ ಒಂಬತ್ತನೇ ಮಹಡಿಯವರನ್ನೂ ಕರೆದೆ. ಆಮೇಲೆ ಬಾಯಮ್ಮನಿಗೆ ಫೋನ್ ಮಾಡಿ, "ಸಿನಿಮಾ ಸಿಕ್ಕಿತು. ನಾಳೆ ಶೂಟಿಂಗಿನ ಅದೇ ಸೀರೆ ಉಟ್ಟುಕೊಂಡು ಬನ್ನಿ" ಎಂದೆ.

ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ಹದಿನಾಲ್ಕು ಮಂದಿ ಸೇರಿದ್ದರು. ಹನ್ನೆರಡು ವರ್ಷದ ನನ್ನ ಮಗಳು ರಿಮೋಟ್ ಹಿಡಿದು ಇಂಗ್ಲಿಷಿನಲ್ಲೇ ಕೂಗಿದಳು: "ಅಮ್ಮಾ, ರೆಸ್ಯೂಮ್ ಆರ್ ಸ್ಟಾರ್ಟ್ ಓವರ್?"

ನಿಲ್ಲಿಸಿದಲ್ಲಿಂದಲೋ ಮೊದಲಿನಿಂದಲೋ ಎಂದು, ಆಗಲೇ ನೋಡಿದ ಸಿನಿಮಾಕ್ಕೆ ಮಾತ್ರ ಟಿ.ವಿ. ಕೇಳುತ್ತದೆ. "ಮೊದಲಿನಿಂದ ಹಾಕು" ಎಂದೆ ಅವಸರದಲ್ಲಿ. ಬಾಯಮ್ಮ ಒಮ್ಮೆ ನನ್ನತ್ತ ತಿರುಗಿ ನೋಡಿ, ಮತ್ತೆ ಟಿ.ವಿ.ಯತ್ತ ತಿರುಗಿದರು.

ಬಾಗಿಲಿನ ದೃಶ್ಯ ಹತ್ತಿರ ಬಂದಾಗ ಸೆರಗು ಸರಿಮಾಡಿಕೊಂಡರು. "ಈಗ, ಈಗ" ಎಂದರು. ಕೈ ಬಂತು, ಹೋಯಿತು. ಬೇರೆ ಧ್ವನಿ ಅವರ ಮಾತನ್ನು ಹೇಳಿತು. ಅವರ ತುಟಿಗಳು ಅದೇ ಮಾತಿಗೆ ಅಲುಗಾಡುತ್ತಿದ್ದವು, ನಡುವೆ ನಿಂತುಬಿಟ್ಟವು. ಒಂಬತ್ತನೇ ಮಹಡಿಯಾಕೆ ಮೆಲ್ಲನೆ, "ಮುಖ ಇನ್ನು ಮುಂದೆ ಬರ್ತದಾ ಏನೋ" ಎಂದರು.

"ಹೌದು, ಇನ್ನು ಬರ್ತದೆ" ಎಂದರು ಬಾಯಮ್ಮ.

ಇನ್ನೂ ಒಂದು ಗಂಟೆಯ ಸಿನಿಮಾ ಉಳಿದಿತ್ತು. ಆ ಒಂದು ಗಂಟೆ ಅವರು ನೆಟ್ಟಗೆ ಕೂತಿದ್ದರು, ನಿದ್ದೆ ಹೋಗಲಿಲ್ಲ. ಕೊನೆಯಲ್ಲಿ ಹೆಸರುಗಳು ಬಂದವು. ಅವರ ಹೆಸರಿರಲಿಲ್ಲ. ಬೀದಿಯ ಎಲ್ಲ ನಿವಾಸಿಗಳಿಗೆ ಧನ್ಯವಾದ ಎಂದು ಒಂದು ಸಾಲಿತ್ತು.

ಮಗಳು ಟಿ.ವಿ. ಆರಿಸಿದಾಗ ನಾನು ಹೇಳಿದೆ, "ಕೈ ಮಾತ್ರ ಭಾರಿ ಚಂದ ಅಭಿನಯ ಮಾಡಿದೆ ಬಾಯಮ್ಮಾ."

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಬಾಯಮ್ಮನೂ ನಕ್ಕರು. ಚಹಾ ಕುಡಿದರು, ತಮ್ಮ ಕಪ್ಪನ್ನು ತಾವೇ ತೊಳೆದಿಟ್ಟು ಹೋದರು.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಲಿಫ್ಟಿನಲ್ಲಿ ಸಿಕ್ಕರೆ "ಊಟ ಆಯ್ತಾ?" ಎಂದು ಕೇಳುತ್ತಿದ್ದರು, ಅಷ್ಟೇ. ನಾನು ಮೊದಲೇ ನೋಡಿದ್ದೆನೆಂದು ಯಾರಿಗೂ ಹೇಳಿರಲಿಲ್ಲ. ಬಾಯಮ್ಮನಿಗೆ ಗೊತ್ತಾಗಿದೆ, ಇವತ್ತು ಮುಖಕ್ಕೆ ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಹೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಕೊನೆಗೆ ತಡೆಯಲಾರದೆ ಒಂದು ಸಂಜೆ ನಾನೇ ಅವರ ಬಾಗಿಲು ತಟ್ಟಿದೆ.

"ಬಾಯಮ್ಮಾ, ಆ ದಿನದ್ದು ತಪ್ಪಾಯ್ತು."

ಅವರು ಒಳಗೆ ಕರೆಯಲಿಲ್ಲ. "ನನ್ನ ಮಗಳು ಊರಿನಲ್ಲಿ ತಿಂಗಳ ಹಿಂದೆಯೇ ನೋಡಿದ್ದಳಂತೆ. ಅಮ್ಮನಿಗೆ ಹೇಗೆ ಹೇಳುದು ಅಂತ, ಪರೀಕ್ಷೆ ಉಂಟು, ನೋಡ್ಲಿಕ್ಕೆ ಆಗಲಿಲ್ಲ ಅಂತ ಸುಳ್ಳು ಹೇಳಿದ್ಳು. ಈಗ ಫೋನಿನಲ್ಲಿ ಅಳ್ತಾಳೆ." ಚಿಲಕದ ಮೇಲೆ ಕೈಯಿಟ್ಟರು. "ನೀನು ಕೂಡ ನೋಡಿದ್ದಿ."

ನಾನು ತಲೆಯಾಡಿಸಿದೆ.

"ಹಾಗಾದ್ರೆ ಶನಿವಾರ ನೀನು ನೋಡ್ಲಿಕ್ಕೆ ಕೂತದ್ದು ಸಿನಿಮಾ ಅಲ್ಲ. ನನ್ನನ್ನು." ಕೋಪವಿರಲಿಲ್ಲ. ತೊಳೆದ ಬಟ್ಟೆಯಲ್ಲಿ ಕಲೆ ಉಳಿದಿದೆಯೋ ಎಂದು ನೋಡುವವರ ಹಾಗೆ ನನ್ನ ಮುಖ ನೋಡಿದರು. "ಹೇಗಿತ್ತು?"

ಉತ್ತರಕ್ಕಾಗಿ ನಿಜಕ್ಕೂ ಕಾದರು. ನಿಜ ಹೇಳಬೇಕೆಂದರೆ, ಅಷ್ಟು ಮನಸ್ಸಿಟ್ಟು ನಾನು ಯಾವ ಸಿನಿಮಾವನ್ನೂ ನೋಡಿರಲಿಲ್ಲ. ಬಾಯಮ್ಮ ಬಾಗಿಲು ಹಾಕಿಕೊಂಡರು, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.