ಒಂದು ಆಮೆನ್

ಬಂಗಾರಪೇಟೆಯ ರೈಲಿನಲ್ಲಿ ಎದುರು ಕೂತಿದ್ದ ಹಿರಿಯ ಹೆಂಗಸೊಬ್ಬರು, ಸುವಾರ್ತೆಯ ಪುಸ್ತಕ ಮುಟ್ಟುವ ಮೊದಲು ಪ್ರತಿ ಸಲವೂ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಮಾರಿಕುಪ್ಪಂ ಬಿಟ್ಟಾಗಿನಿಂದ ನನ್ನನ್ನೇ ನೋಡುತ್ತಿದ್ದರು. ಮತಕ್ಕೆ ಸೇರಿಸಲು ಬಂದವರೇ ಇರಬೇಕೆಂದು ನಾನು ಕಿಟಕಿಯತ್ತ ತಿರುಗಿದೆ.

"ಎದ್ರುಕೋಬ್ಯಾಡಮ್ಮ, ನಿನ್ನ ಕುಂಕುಮ ಅಳಸಲ್ಲ," ಎಂದರು. "ಗಣಿ ದೂಳು ಕುಡ್ದು ನನ್ನ ಮಗನ ಎದೆ ಓಗೈತೆ. ಡಾಕ್ಟ್ರು ಆಗಲ್ಲ ಅಂದ್ಬುಟ್ರು."

"ಬೆಂಗಳೂರಿನಲ್ಲಿ ತೋರಿಸಿ," ಎಂದೆ ಮೆಲ್ಲಗೆ.

"ಓದ್ದೋರ ಬುದ್ಧಿ ಎಲ್ಲಾ ಕೇಳಾಯ್ತು. ಇನ್ನು ಯೇಸಪ್ಪನ್ನೇ ಕೇಳೋದು. ನಾನು ಪ್ರಾರ್ಥನೆ ಮಾಡ್ತೀನಿ, ಕೊನೇಲಿ ನೀನೊಂದು ಆಮೆನ್ ಅನ್ನು, ಸಾಕು."

ಕಾನ್ವೆಂಟಿನಲ್ಲಿ ಹತ್ತು ವರ್ಷ, ದಿನಾ ಬೆಳಿಗ್ಗೆ, ಅರ್ಥ ಕೇಳದೆ ಆಮೆನ್ ಅಂದವಳು ನಾನು. ಈಗ ಆಮೆನ್ ಅಂದರೆ ಎಲ್ಲಿ ಇವರ ಮತಕ್ಕೆ ಸಿಕ್ಕಿಬೀಳುತ್ತೇನೋ ಎಂದು ತುಟಿ ಬಿಗಿಹಿಡಿದೆ.

ಪ್ರಾರ್ಥನೆ ಮುಗಿಯಿತು. ಕಣ್ಣು ಮುಚ್ಚಿಕೊಂಡೇ ಆಕೆ, "ಅನ್ನು ತಾಯಿ," ಎಂದರು.